ಜೀಪಿನ ಪೆಟ್ರೋಲ್ ಕತ್ತು



ಹೋದ ವಾರ ಜೀಪಿನ ಫೋಟೋ ಹಾಕಿದ್ದೆ. ಕೆಳಗೆ ಒಂದಿಬ್ಬರು, ಇನ್‌ಬಾಕ್ಸಲ್ಲಿ ಏಳೆಂಟು ಜನ ಒಂದೇ ಪ್ರಶ್ನೆ ಕೇಳಿದ್ರಿ: 'ಅಣ್ಣಾ, ಪೆಟ್ರೋಲ್ ವಾಸನೆ ಹೋಯ್ತಾ?' ನನ್ನ ಜೀಪಲ್ಲಿ ಒಂದು ಸಲ ಕೂತವರಿಗೂ ಈ ಪ್ರಶ್ನೆ ಕೇಳೋ ಹಕ್ಕಿದೆ. ಹೋಯ್ತು. ಹೇಗೆ ಹೋಯ್ತು ಅಂತ ಹೇಳೋಕೆ ಹೋದರೆ ಸ್ವಲ್ಪ ಉದ್ದ ಆಗುತ್ತೆ. ಭಾನುವಾರ ತಾನೇ, ಓದಿ.

ಜೀಪು 1978ರದು. ಮಹೀಂದ್ರಾದವರು ಅಮೆರಿಕದ ವಿಲ್ಲೀಸ್ ಲೈಸೆನ್ಸಿನಲ್ಲಿ ಇಲ್ಲೇ ಮಾಡುತ್ತಿದ್ದ ಸಿಜೆ-3ಬಿ. ಬಾನೆಟ್ಟು ಎದೆಮಟ್ಟ ಎದ್ದು ನಿಂತಿರುತ್ತಲ್ಲ, ಅದೇ. ಒಳಗಿನ ಹರಿಕೇನ್ ಎಂಜಿನ್ ಎತ್ತರ ಜಾಸ್ತಿ, ಅದಕ್ಕೇ ಬಾನೆಟ್ಟನ್ನೂ ಎತ್ತರ ಮಾಡಿದ್ರು. ಸಕಲೇಶಪುರದ ಕಾಫಿ ತೋಟಗಳ ಕಡೆ ಇಂಥ ಜೀಪು ಈಗಲೂ ಕಾಣುತ್ತವೆ, ಆದರೆ ಎಷ್ಟೋ ಗಾಡಿಗಳ ಹೊಟ್ಟೆಯೊಳಗೆ ಡೀಸೆಲ್ ಎಂಜಿನ್ ಬಂದು ಕೂತಿದೆ. ನನಗೆ ಸಿಕ್ಕಿದ್ದು ಪೆಟ್ರೋಲಿನದ್ದೇ. 2016ರಲ್ಲಿ ಅಲ್ಲಿಯ ಒಬ್ಬರಿಂದ ತಗೊಂಡೆ. ಒಬ್ಬ ಗುಮಾಸ್ತನ ಸಂಬಳಕ್ಕೆ ಇದೆಲ್ಲ ಬೇಕಿತ್ತಾ ಅಂತ ಹೆಂಡತಿ ಕೇಳಿದ್ಲು. ಇವತ್ತಿಗೂ ಕೇಳ್ತಾಳೆ.

ಬೇಕಿತ್ತು, ಯಾಕಂದ್ರೆ ಅಪ್ಪ ಇಂಥದ್ದೇ ಜೀಪನ್ನ ಮೂವತ್ತು ವರ್ಷ ಓಡಿಸಿದವನು. ಬ್ಲಾಕ್ ಆಫೀಸಿನ ಡ್ರೈವರ್. ಸಾಹೇಬರನ್ನ ಹಳ್ಳಿಗೆ ಕರ್ಕೊಂಡು ಹೋದರೆ ಸಾಹೇಬರಿಗೆ ಜಗುಲಿ ಮೇಲೆ ಚಾಪೆ ಹಾಸೋರು, ಕಾಫಿ ಬರೋದು. ಅಪ್ಪ ಜೀಪಲ್ಲೇ. ಯಾರೂ ಇಳಿ ಅಂತ ಹೇಳ್ತಿರಲಿಲ್ಲ, ಇಳೀಬೇಡ ಅಂತಲೂ ಹೇಳ್ತಿರಲಿಲ್ಲ. 'ಆ ಸೀಟೇ ನನ್ ಜಗುಲಿ ಕಣಪ್ಪ' ಅಂತ ನಗ್ತಾನೆ ಈಗ. ಆ ಸೀಟಿನ ಕೆಳಗೆ ಇರೋದು ಪೆಟ್ರೋಲ್ ಟ್ಯಾಂಕು. ಈ ಜೀಪಿನ ವಿನ್ಯಾಸವೇ ಹಾಗೆ, ಡ್ರೈವರ್ ಕೂರೋದು 40 ಲೀಟರ್ ಆಸುಪಾಸಿನ ಟ್ಯಾಂಕಿನ ನೆತ್ತಿ ಮೇಲೆ. ಪೆಟ್ರೋಲ್ ಹಾಕೋ ಬಾಯಿ ಪಕ್ಕದ ಬಾಡಿಯಲ್ಲಿ. ಬಾಯಿಗೂ ಟ್ಯಾಂಕಿಗೂ ನಡುವೆ ಗೇಣುದ್ದವೂ ಇಲ್ಲದ ಒಂದು ಕತ್ತು, ಅದರಲ್ಲಿ ಒಂದು ತುಂಡು ರಬ್ಬರ್ ಹೋಸು. ಗ್ಯಾರೇಜಿನವರ ಬಾಯಲ್ಲಿ ಅದು 'ನೆಕ್ಕು'. ಇಷ್ಟೂ ಕಥೆ ಆ ಗೇಣುದ್ದದ ಕತ್ತಿನದು.

ತಂದ ಹೊಸದರಲ್ಲಿ ಸಣ್ಣಗೆ ವಾಸನೆ ಇತ್ತು. ಹಳೇ ಗಾಡಿ ಅಂದ್ರೆ ವಾಸನೆ ಇರುತ್ತೆ ಅಂದುಕೊಂಡೆ. ಆಮೇಲೆ ಫುಲ್ ಟ್ಯಾಂಕ್ ಹಾಕಿಸಿದ ದಿನ ಮಾತ್ರ ಪಕ್ಕದ ಬಾಡಿ ಮೇಲೆ ಒದ್ದೆ ಗೆರೆ ಕಾಣೋಕೆ ಶುರುವಾಯ್ತು, ಅಲ್ಲಿ ಬಣ್ಣವೂ ಏಳ್ತಾ ಬಂತು. ಮುಚ್ಚಳ ಹೋಗಿದೆ ಅಂತ ಒಬ್ಬ ಮೆಕ್ಯಾನಿಕ್ ಹೇಳಿದ. ಹೊಸ ಮುಚ್ಚಳ ಹಾಕಿದೆ, ಒಳ್ಳೇ ಗಟ್ಟಿ ಮುಚ್ಚಳ. ವಾಸನೆ ಕಮ್ಮಿ ಆಯ್ತು, ಆದರೆ ಜೀಪು ಹತ್ತು ಕಿಲೋಮೀಟರ್ ಓಡಿ ಕೆಮ್ಮಿ ಕೆಮ್ಮಿ ನಿಲ್ಲೋಕೆ ಶುರುಮಾಡ್ತು. ಕಾರ್ಬುರೇಟರ್ ಬಿಚ್ಚಿದ್ರು, ಪೆಟ್ರೋಲ್ ಪಂಪ್ ಬಿಚ್ಚಿದ್ರು, ದುಡ್ಡೂ ಬಿಚ್ಚಿಸಿದ್ರು. ಒಂದಿನ ದಾರಿಯಲ್ಲಿ ನಿಂತಾಗ ಪೆಟ್ರೋಲ್ ಇದೆಯೋ ಇಲ್ವೋ ನೋಡೋಣ ಅಂತ ಮುಚ್ಚಳ ತಿರುಗಿಸಿದೆ. 'ಸ್ಸ್' ಅಂತ ಗಾಳಿ ಒಳಗೆ ಎಳ್ಕೊಂಡಿತು. ಎಂಜಿನ್ ಪೆಟ್ರೋಲ್ ಕುಡೀತಾ ಹೋದಂಗೆ ಆ ಜಾಗಕ್ಕೆ ಗಾಳಿ ಬರಬೇಕಲ್ಲ. ಹಳೇ ಮುಚ್ಚಳದಲ್ಲಿ ಅದಕ್ಕೊಂದು ಸಣ್ಣ ಕಿಂಡಿ ಇತ್ತು, ಹೊಸದರಲ್ಲಿ ಇರಲಿಲ್ಲ. ಉಸಿರುಕಟ್ಟಿದ ಟ್ಯಾಂಕಿನಿಂದ ಪಂಪು ಎಷ್ಟು ಅಂತ ಎಳೆಯುತ್ತೆ? ಕಿಂಡಿಯಿರೋ ಮುಚ್ಚಳ ಹುಡುಕಿ ಹಾಕಿದೆ. ಗಾಡಿ ಓಡಿತು, ವಾಸನೆ ವಾಪಸ್ ಬಂತು.

ಇನ್ನೊಬ್ಬ ಮೆಕ್ಯಾನಿಕ್ ಬಟ್ಟೆ ಸೋಪು ಉಜ್ಜಿದ. ನಗಬೇಡಿ, ಅದು ನಡೆಯುತ್ತೆ. ಪೆಟ್ರೋಲಿಗೆ ಸೋಪು ಕರಗಲ್ಲ, ಬಿರುಕಿಗೆ ತುರುಕಿದರೆ ಮನೆ ತಲುಪುವ ತನಕ ತಡೆಯುತ್ತೆ. ನಮ್ಮ ಕಡೆ ಲಾರಿ ಡ್ರೈವರುಗಳಿಗೆಲ್ಲ ಗೊತ್ತು. ಆದರೆ ಅದು ಮನೆ ತಲುಪೋಕೆ ಮಾತ್ರ. ಮೂರನೆಯವನು ಹಳೇ ಹೋಸ್ ಕಿತ್ತು ರೇಡಿಯೇಟರ್ ಹೋಸಿನ ತುಂಡು ಹಾಕಿಕೊಟ್ಟ. ನೋಡೋಕೆ ದಪ್ಪ, ಕಪ್ಪು, ಹೊಸದು. ಒಂದೂವರೆ ತಿಂಗಳಿಗೆ ಅದು ನೆನೆಸಿದ ಚಕ್ಕುಲಿ ಥರ ಉಬ್ಬಿ ಮೆತ್ತಗಾಯ್ತು. ಆಮೇಲೆ ತಿಳಿದಿದ್ದು, ರೇಡಿಯೇಟರ್ ಹೋಸಿನ ರಬ್ಬರ್ ಬಿಸಿನೀರಿಗೆ ಮಾಡಿದ್ದು, ಪೆಟ್ರೋಲ್ ಮುಟ್ಟಿದರೆ ಹೀರಿಕೊಂಡು ಊದುತ್ತೆ. ಎರಡೂ ಕಪ್ಪು ರಬ್ಬರೇ, ಎರಡೂ ಹೋಸೇ. ಹೆಸರು ಒಂದಾದ ಮಾತ್ರಕ್ಕೆ ಗುಣ ಒಂದಲ್ಲ.

ಈ ನಡುವೆ ಪೆಟ್ರೋಲೇ ಬದಲಾಯ್ತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಕಾರ್ಯಕ್ರಮದಲ್ಲಿ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರು. ಮೊದಲು ಕೆಲವೇ ಬಂಕುಗಳಲ್ಲಿ ಸಿಗ್ತಿತ್ತು, ಈಗ ಬೇರೆ ಬೇಕು ಅಂದರೂ ಸಿಗಲ್ಲ ಅನ್ನೋ ಹಾಗಾಗಿದೆ. ಎಥೆನಾಲ್ ಒಳ್ಳೇದೋ ಕೆಟ್ಟದ್ದೋ ಅನ್ನೋ ಜಗಳ ಇಲ್ಲಿ ಬೇಡ, ಕಬ್ಬು ಬೆಳೆಯೋ ಗೆಳೆಯರು ನನ್ನ ಲಿಸ್ಟಲ್ಲಿ ಇದ್ದಾರೆ. ನಲವತ್ತು ವರ್ಷದ ಹಿಂದಿನ ರಬ್ಬರಿಗೂ ಕಾರ್ಕ್ ಗ್ಯಾಸ್ಕೆಟ್ಟಿಗೂ ಅದು ಆಗಿಬರಲ್ಲ ಅನ್ನೋದಷ್ಟೇ ನನ್ನ ಅನುಭವ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತೆ, ನಿಲ್ಲಿಸಿದ ಗಾಡಿಯ ಟ್ಯಾಂಕಿಗೆ ತುಕ್ಕು ಬೇಗ.

ಇಷ್ಟಾದರೂ ನಾನು ದಿನ ದೂಡ್ತಿದ್ದೆ. ನಿಜ ಹೇಳ್ತೀನಿ, ಸೋಮಾರಿತನ. ಹೋದ ವರ್ಷ ಏಪ್ರಿಲ್ಲಲ್ಲಿ ಬೇಲೂರು ಕಡೆ ಒಂದು ಮದುವೆಗೆ ಹೊರಟ್ವಿ. ಮುಂದೆ ನಾನು, ಅಪ್ಪ. ಹಿಂದೆ ಹೆಂಡತಿ, ಮಗಳು, ಚಿಕ್ಕಮ್ಮ, ಚಿಕ್ಕಪ್ಪ. ದೂರದ ದಾರಿ ಅಂತ ಬೆಳಿಗ್ಗೆ ಏಳಕ್ಕೇ ಟ್ಯಾಂಕ್ ಬಾಯಿ ತನಕ ತುಂಬಿಸಿದ್ದೆ. ಅಪ್ಪ 'ಬಾಯಿತಂಕ ಬ್ಯಾಡ ಕಣೋ' ಅಂದ. ನಾನು ಕೇಳಲಿಲ್ಲ. ಹತ್ತು ಗಂಟೆ ಬಿಸಿಲಿಗೆ ವಾಸನೆ ಏರಿತು. ಒಂದು ಎಡ ತಿರುವಿನಲ್ಲಿ ನನ್ನ ಬಲತೊಡೆ ತಣ್ಣಗಾಯ್ತು. ನೀರಿನ ಬಾಟಲಿ ಚೆಲ್ಲಿತೇನೋ ಅಂತ ಕೈ ಇಟ್ಟೆ, ಮೂಸಿದೆ. ಪೆಟ್ರೋಲು. ಪ್ಯಾಂಟು, ಸೀಟಿನ ಅಂಚು ಎಲ್ಲ ಒದ್ದೆ. ಅದೇ ಹೊತ್ತಿಗೆ ಹಿಂದಿನಿಂದ ಕಡ್ಡಿಪೆಟ್ಟಿಗೆ ಅಲ್ಲಾಡಿಸೋ ಸದ್ದು. ಚಿಕ್ಕಪ್ಪ ಬೀಡಿ ಬಾಯಿಗಿಟ್ಟಿದ್ದ.

ಅಪ್ಪ ತಿರುಗಿ ಕೂಗಿದ ಕೂಗು ನನಗೆ ಇನ್ನೂ ಕಿವಿಯಲ್ಲಿದೆ. ತಮ್ಮನನ್ನ ಅಷ್ಟು ಕೆಟ್ಟ ಮಾತಲ್ಲಿ ಬೈದಿದ್ದು ನಾನು ಕೇಳಿರಲಿಲ್ಲ, ಅದೂ ಮಗಳ ಮುಂದೆ. ಚಿಕ್ಕಪ್ಪನ ಕೈಯಿಂದ ಕಡ್ಡಿಪೆಟ್ಟಿಗೆ ಜಾರಿ ರಸ್ತೆಗೆ ಬಿತ್ತು. ಗಾಡಿ ಪಕ್ಕಕ್ಕೆ ಹಾಕಿ ಎಲ್ಲರನ್ನೂ ಇಳಿಸಿದೆ. ಹೊಂಗೆ ಮರದ ಕೆಳಗೆ ಅರ್ಧ ಗಂಟೆ ಕೂತ್ವಿ. ಯಾರೂ ಮಾತಾಡಲಿಲ್ಲ. ಮದುವೆಗೆ ಬಸ್ಸಲ್ಲಿ ಹೋದ್ವಿ. ನಾನು ಪೆಟ್ರೋಲ್ ವಾಸನೆಯ ಪ್ಯಾಂಟಲ್ಲೇ ಮುಯ್ಯಿ ಬರೆಸಿ ಬಂದೆ.

ಮುಂದಿನ ಭಾನುವಾರ ಸೀಟು ಬಿಚ್ಚಿದ್ವಿ. ಅಪ್ಪ ಕುರ್ಚಿ ಹಾಕಿಸ್ಕೊಂಡು ಪಕ್ಕದಲ್ಲಿ ಕೂತ, 76 ವರ್ಷ, ಮಂಡಿ ಮಡಚೋಕೆ ಆಗಲ್ಲ. ಹೋಸು ತಿರುಗಿಸಿದರೆ ಒಳಮೈಯಲ್ಲಿ ಹಾವಿನ ಪೊರೆಯಂಥ ಬಿರುಕು. ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಇನ್ನೊಂದಿತ್ತು. ಟ್ಯಾಂಕಿನ ಮೇಲ್ಭಾಗದಲ್ಲಿ ಬೆರಳಿಗಿಂತ ಸಣ್ಣದೊಂದು ಕೊಳವೆ, ಅದರ ಬಾಯಿಗೆ ಒಂದು ಬೋಲ್ಟ್ ಸಿಕ್ಕಿಸಿ ರಬ್ಬರ್ ಸುತ್ತಿ ಬಿಗಿದಿದ್ದರು. ಅಪ್ಪ ನೋಡಿದ ಕೂಡಲೇ ಹೇಳಿದ: 'ಅದರ ಮೂಗು ಮುಚ್ಚವ್ರೆ ನೋಡು.'

ಟ್ಯಾಂಕಿನೊಳಗೆ ಪೆಟ್ರೋಲ್ ಇಳಿಯುವಾಗ ಒಳಗಿನ ಗಾಳಿ ಹೊರಗೆ ಹೋಗಬೇಕು. ಅದಕ್ಕೆ ಇರೋದು ಆ ಸಣ್ಣ ಕೊಳವೆ. ಒಂದು ತೆಳ್ಳನೆ ಪೈಪಲ್ಲಿ ಗಾಳಿ ಕತ್ತಿನ ಮೇಲ್ಭಾಗಕ್ಕೆ ವಾಪಸ್ ಬರುತ್ತೆ. ಯಾವನೋ ಹಿಂದೆ ಆ ಪೈಪು ಹರಿದಾಗ ಹೊಸದು ಹಾಕೋ ಬದಲು ಬೋಲ್ಟ್ ಹೊಡೆದು ಕೈ ತೊಳೆದುಕೊಂಡಿದ್ದ. ಅಲ್ಲಿಂದ ಮುಂದೆ ಪೆಟ್ರೋಲೂ ಗಾಳಿಯೂ ಒಂದೇ ಬಾಗಿಲಲ್ಲಿ ನೂಕಾಡ್ತಾ ಬಂದಿವೆ. ಬಂಕಿನ ಹುಡುಗ ಜೋರಾಗಿ ಹಾಕಿದ್ರೆ ಬುಳಕ್ ಅಂತ ಉಗುಳೋದು ಅದಕ್ಕೇ. ನಾನು ಬಂಕಿನ ಹುಡುಗರಿಗೆ ಎಷ್ಟು ಸಲ ರೇಗಿದ್ದೀನಿ, ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಎಡ ತಿರುವಿನ ಲೆಕ್ಕವೂ ಅಲ್ಲೇ ಬಗೆಹರೀತು. ಗಾಡಿ ಎಡಕ್ಕೆ ತಿರುಗಿದ್ರೆ ಒಳಗಿನ ಪೆಟ್ರೋಲ್ ಬಲಕ್ಕೆ ನುಗ್ಗುತ್ತೆ, ನಮ್ಮ ಜೀಪಲ್ಲಿ ಕತ್ತು ಇರೋದು ಬಲಕ್ಕೆ. ಇನ್ನು 'ಬಾಯಿತಂಕ ಬ್ಯಾಡ' ಅನ್ನೋದು. ಪೆಟ್ರೋಲು ಒಂದು ಡಿಗ್ರಿ ಬಿಸಿಯಾದರೆ ಸಾವಿರಕ್ಕೆ ಒಂದು ಪಾಲಿನಷ್ಟು ಹಿಗ್ಗುತ್ತೆ. ಬಂಕಿನ ನೆಲದೊಳಗಿನ ತಂಪಿನಿಂದ ಬಂದ 40 ಲೀಟರು ಬಿಸಿಲಲ್ಲಿ 15 ಡಿಗ್ರಿ ಏರಿದರೆ ಅರ್ಧ ಲೀಟರಿಗಿಂತ ಜಾಸ್ತಿ ಉಬ್ಬುತ್ತೆ. ಆ ಅರ್ಧ ಲೀಟರ್ ಎಲ್ಲಿಗೆ ಹೋಗಬೇಕು? ನನ್ನ ಪ್ಯಾಂಟಿಗೆ. ನಾನು ಬಿಎ ಓದಿದವನು, ಇದನ್ನ ಕ್ಯಾಲ್ಕುಲೇಟರಲ್ಲಿ ಲೆಕ್ಕ ಹಾಕಿ ಅಪ್ಪನಿಗೆ ತೋರಿಸಿದೆ. 'ಅದ್ನೇ ತಾನೆ ನಾನ್ ಹೇಳಿದ್ದು' ಅಂದ.

ಹೋಸು ಬದಲಾಯಿಸಿದರೆ ಸಾಲದು, ಕತ್ತಿನ ಓರೆಯನ್ನೇ ಬದಲಿಸಬೇಕು, ಬಾಯಿ ಟ್ಯಾಂಕಿನ ಮಟ್ಟಕ್ಕಿಂತ ಇನ್ನೂ ಮೇಲೆ ಬರಬೇಕು ಅಂತ ತೀರ್ಮಾನ ಆಯ್ತು. ನಮ್ಮೂರಿನ ಒಂದು ಗ್ಯಾರೇಜಿಗೆ ಹೋದ್ವಿ. ಅಲ್ಲಿ ಮೇಸ್ತ್ರಿ ಊಟಕ್ಕೆ ಹೋಗಿದ್ದರು, ಒಬ್ಬ ಹುಡುಗ ಇದ್ದ, ಹತ್ತೊಂಬತ್ತು ಇಪ್ಪತ್ತು ಇರಬೇಕು. ತುಂಬಾ ಚುರುಕು. 'ಹೋಸ್ ಯಾಕೆ ಸಾರ್, ಪೈಪ್ ಬೆಂಡ್ ಮಾಡಿ ಟ್ಯಾಂಕಿಗೇ ನೇರ ವೆಲ್ಡ್ ಹೊಡೆದ್ರೆ ಜನ್ಮದಲ್ಲಿ ಸೋರಲ್ಲ' ಅಂದ. ನನಗೂ ಸರಿ ಅನ್ನಿಸಿತು. ಟ್ಯಾಂಕ್ ಇಳಿಸಿದ, ಬಗ್ಗಿಸಿ ಸುರಿದ, ಕುಲುಕಿದ. 'ಖಾಲಿ ಇದೆ ಸಾರ್.' ವೆಲ್ಡಿಂಗ್ ಕನ್ನಡಕ ಹಾಕ್ಕೊಂಡ.

'ಏಯ್, ಮಡಗ್ಲಾ ಅದ!'

ಅಪ್ಪ. ಕೋಲನ್ನೂ ಬಿಟ್ಟು ಎದ್ದು ಬಂದಿದ್ದ. ಹುಡುಗನ ಕೈಯಿಂದ ವೆಲ್ಡಿಂಗ್ ಹೋಲ್ಡರ್ ಕಿತ್ಕೊಂಡು, 'ಖಾಲಿ ಐತೆ ಅಂದ್ಯಲ್ಲ, ಮೂಸು' ಅಂದ. ಹುಡುಗ ಪೆದ್ದು ಪೆದ್ದಾಗಿ ನಕ್ಕ. ಅಪ್ಪ ನಗಲಿಲ್ಲ.

ಆ ದಿನ ಅಪ್ಪ ಹೇಳಿದ್ದನ್ನ ನಾನೂ ಮೊದಲ ಸಲ ಕೇಳಿದ್ದು. ಅಪ್ಪ ಕೆಲಸಕ್ಕೆ ಸೇರಿದ ಕೆಲವು ವರ್ಷಕ್ಕೆ, ಒಂದು ಕಚೇರಿಯ ಶೆಡ್ಡಿನಲ್ಲಿ ಇಂಥದ್ದೇ ಜೀಪಿನ ಟ್ಯಾಂಕಿಗೆ ಬೆಸುಗೆ ಹಾಕಿಸ್ತಿದ್ದರು. ಹಿಡ್ಕೊಳ್ಳೋಕೆ ನಮ್ಮ ಕೇರಿಯ ಒಬ್ಬ ಹುಡುಗನನ್ನ ಕರೆದಿದ್ರು. ದಿನಗೂಲಿ, ಹೆಸರು ಮಸ್ಟರ್ ರೋಲಿನಲ್ಲೂ ಇಲ್ಲ. 'ಖಾಲಿ ಐತೆ, ಹಿಡ್ಕೋ' ಅಂದ್ರಂತೆ. ಹಿಡ್ಕೊಂಡ. ಬೆಸುಗೆ ಹಾಕೋನು ಉದ್ದನೆ ಕೋಲಿನ ತುದಿಯಲ್ಲಿದ್ದ, ಇವನು ಟ್ಯಾಂಕನ್ನ ಎದೆಗೆ ಅವುಚ್ಕೊಂಡಿದ್ದ. ಇವನು ಬದುಕಿದ, ಆದರೆ ಕೈ ಎರಡೂ ಮುದುಡಿ ಹೋದವು. ಪರಿಹಾರ ಕೇಳೋಕೆ ಹೋದಾಗ 'ಇವನ್ಯಾರು, ನಮ್ಮಲ್ಲಿ ಇಂಥವನಿಲ್ಲ' ಅಂದ್ರು. ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಬರ್ತಿದ್ದ ಒಬ್ಬರು ಅವ್ವ ಕೊಟ್ಟ ಕಾಫಿ ಲೋಟವನ್ನ ಎರಡೂ ಮಣಿಕಟ್ಟಿನ ನಡುವೆ ಹಿಡಿದು ಕುಡೀತಿದ್ರು. ಹುಟ್ಟಿನಿಂದಲೇ ಹಾಗೆ ಅಂದುಕೊಂಡಿದ್ದೆ.

ಖಾಲಿ ಟ್ಯಾಂಕೇ ಜಾಸ್ತಿ ಅಪಾಯ. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಜಾಗ ಕಮ್ಮಿ. ಸುರಿದು ಬರಿದು ಮಾಡಿದರೆ ಒಳಗೆ ಉಳಿಯೋದು ಆವಿ ಮತ್ತು ಗಾಳಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ. 1.4ರಿಂದ ಸುಮಾರು ಶೇ. 7.6ರ ತನಕ ಇದ್ದರೆ ಒಂದು ಕಿಡಿ ಸಾಕು. ಅಂಟಿಕೊಂಡಿರೋ ನಾಲ್ಕು ಚಮಚ ಪೆಟ್ರೋಲಿನಿಂದ ಅಷ್ಟು ಆವಿ ಏಳುತ್ತೆ. ಕಣ್ಣಿಗೆ ಕಾಣಲ್ಲ, ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತೆ. ಮ್ಯಾನ್‌ಹೋಲ್ ಮುಂದೆ ನಿಂತು 'ಒಳಗೇನಿಲ್ಲ, ಇಳಿ' ಅನ್ನೋರ ದನಿ ನನಗೆ ಆಫೀಸು ಕಾಗದಗಳಲ್ಲಿ, ಪಂಚನಾಮೆಗಳಲ್ಲಿ ಎಷ್ಟೋ ಸಲ ಸಿಕ್ಕಿದೆ. ಈ ಸಲ ಆ ದನಿ ನನ್ನದೇ ಆಗಿತ್ತು. 'ಹೂಂ ಹೊಡಿ' ಅಂದವನು ನಾನೇ. ಹುಡುಗ ಯಾರ ಮನೆಯವನು ಅಂತಲೂ ನಾನು ಕೇಳಿರಲಿಲ್ಲ.

ಮೇಸ್ತ್ರಿ ಊಟ ಮುಗಿಸಿ ಬಂದ್ರು. ವಿಷಯ ಕೇಳಿ ಹುಡುಗನ ತಲೆಗೆ ಒಂದು ಮೊಟಕಿದ್ರು, ಆಮೇಲೆ ಅಪ್ಪನ ಕಡೆ ತಿರುಗಿ 'ಚಾಚಾ, ಕೂತ್ಕೊಳ್ಳಿ, ನೀವು ಹೇಳ್ದಂಗೆ ಮಾಡಾಣ' ಅಂದ್ರು. ಇಬ್ಬರೂ ಸೇರಿ ಮಾಡಿದ ತೀರ್ಮಾನ ಸರಳ: ಟ್ಯಾಂಕಿಗೆ ಬೆಂಕಿ ಮುಟ್ಟಿಸೋದೇ ಬೇಡ. ಬದಲಾವಣೆ ಎಲ್ಲ ಕತ್ತಿನಲ್ಲಿ, ಅದೂ ಗಾಡಿಯಿಂದ ದೂರ.

ಹಳೇ ಕತ್ತಿನ ಮೇಲ್ತುಂಡನ್ನ ಬಿಚ್ಚಿ, ಅದೇ ಅಳತೆಯ ಉಕ್ಕಿನ ಪೈಪು ತಂದು ಸಣ್ಣಗೆ ಬಗ್ಗಿಸಿದ್ರು, ಬಾಯಿ ಎರಡು ಬೆರಳು ಮೇಲಕ್ಕೆ ಬರೋ ಹಾಗೆ. ಬಗ್ಗಿಸೋಕೆ ಮುಂಚೆ ಪೈಪಿನೊಳಗೆ ಒಣ ಮರಳು ತುಂಬಿದ್ರು, ಇಲ್ಲದಿದ್ರೆ ಬಾಗಿನಲ್ಲಿ ಚಪ್ಪಟೆ ಆಗುತ್ತೆ. ಹಳೇ ಮುಚ್ಚಳ ಕೂರೋ ಕಂಠವನ್ನ ತುದಿಗೆ ಹಿತ್ತಾಳೆ ಬೆಸುಗೆಯಲ್ಲಿ ಕೂರಿಸಿದ್ರು. ಹೋಸು ಸಿಕ್ಕಿಸೋ ತುದಿಗೆ ಸುತ್ತಲೂ ಸಣ್ಣ ಉಬ್ಬು ಏರಿಸಿದ್ರು, ತಾಮ್ರದ ಬಿಂದಿಗೆ ಕಂಠಕ್ಕೆ ಇರುತ್ತಲ್ಲ, ಹಾಗೆ. ಕ್ಲಿಪ್ಪು ಅದರ ಹಿಂದೆ ಕೂತ್ರೆ ಹೋಸು ಜಾರಲ್ಲ. ಕತ್ತಿನ ಮೇಲ್ಭಾಗಕ್ಕೆ ಪಕ್ಕದಲ್ಲಿ ಒಂದು ಸಣ್ಣ ಕೊಳವೆ ಸೇರಿಸಿದ್ರು, ಟ್ಯಾಂಕಿನ ಮುಚ್ಚಿದ್ದ ಮೂಗಿನಿಂದ ಗಾಳಿ ಬಂದು ಸೇರೋಕೆ. ಬೋಲ್ಟ್ ಕಿತ್ತು ಹಾಕಿದಾಗ ಅಪ್ಪ ಅದನ್ನ ಜೇಬಿಗೆ ಹಾಕ್ಕೊಂಡ. ಯಾಕೆ ಅಂತ ಕೇಳಲಿಲ್ಲ.

ಹೋಸಿಗಾಗಿ ನಾನು ಒಂದು ಶನಿವಾರ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿದೆ. ಅಂಗಡಿಯವರು ಮೊದಲು ಕೊಡೋದು ಮಾಮೂಲಿ ಹೋಸೇ. 'ಎಥೆನಾಲ್ ಪೆಟ್ರೋಲಿಗೆ ಆಗೋದು ಬೇಕು' ಅಂತ ಹೇಳಬೇಕು, ಮೇಲೆ ಅಚ್ಚಾಗಿರೋದನ್ನ ಓದಬೇಕು. ಒಳಗೆ ಫ್ಲೋರೋ ರಬ್ಬರಿನ ಪದರ ಇರೋದು ಕೊನೆಗೆ ಸಿಕ್ಕಿತು. ಮಾಮೂಲಿಗಿಂತ ನಾಲ್ಕು ಪಟ್ಟು ರೇಟು. ಗೇಣುದ್ದ ಸಾಕು ಅಂದ್ರೆ ಒಂದು ಮೀಟರಿಗಿಂತ ಕಮ್ಮಿ ಕೊಡಲ್ಲ ಅಂದ. ಉಳಿದದ್ದು ಮನೆಯಲ್ಲಿದೆ, ಹಳೇ ಜೀಪು ಇಟ್ಟುಕೊಂಡಿರೋ ಗೆಳೆಯರು ಯಾರಾದ್ರೂ ಇದ್ರೆ ಕೇಳಿ, ಕೊಡ್ತೀನಿ. ಗಾಳಿಯ ಪೈಪನ್ನೂ ಅದೇ ಜಾತಿಯದ್ದು ತಂದೆ. ಅದನ್ನ ಮುಚ್ಚಳಕ್ಕಿಂತ ಎತ್ತರಕ್ಕೆ ಒಂದು ಸುತ್ತು ಹಾಕಿ ಇಳಿಸಿದೆವು, ತಿರುವಿನಲ್ಲಿ ಪೆಟ್ರೋಲು ಅದರೊಳಗೆ ಏರಿದರೂ ವಾಪಸ್ ಇಳಿಯಲಿ ಅಂತ.

ಕತ್ತು ಬಾಡಿಗೆ ತಾಗಿ ಕಟಕಟ ಅನ್ನಬಾರದು ಅಂತ ಸುತ್ತ ರಬ್ಬರ್ ಬಳೆ ಹಾಕಿದ್ವಿ. ಆಮೇಲೆ ಮೇಸ್ತ್ರಿಗೆ ನೆನಪಾಯ್ತು: ಈಗ ಕತ್ತು ಎರಡೂ ಕಡೆ ರಬ್ಬರಿನ ಮೇಲೆ ನಿಂತಿದೆ, ಕಬ್ಬಿಣಕ್ಕೆ ಎಲ್ಲೂ ತಾಗ್ತಿಲ್ಲ. ಪೆಟ್ರೋಲ್ ಹರಿಯುವಾಗ ಹುಟ್ಟೋ ಕರೆಂಟು ಇಳಿದುಹೋಗೋಕೆ ದಾರಿ ಇಲ್ಲದೆ ಬಂಕಿನ ನಳಿಕೆ ತಾಗಿದಾಗ ಕಿಡಿ ಹಾರಬಹುದು. ಕತ್ತಿನಿಂದ ಬಾಡಿಗೆ ಒಂದು ತಾಮ್ರದ ತಂತಿ ಬಿಗಿದು, ಬಾಡಿಯ ಬಣ್ಣ ಕೆರೆದು ಬೋಲ್ಟ್ ಹಾಕಿದ್ರು. ಈ ತಂತಿ ಕೆಲಸವನ್ನ ಆ ಹುಡುಗನ ಕೈಯಲ್ಲೇ ಮಾಡಿಸಿದ್ರು. ಯಾಕೆ ಹಾಕ್ತಿದ್ದೀವಿ ಅಂತ ಅಪ್ಪ ಅವನಿಗೆ ಎರಡು ಸಲ ಹೇಳಿಸಿದ, ಬಾಯಿಪಾಠ ಒಪ್ಪಿಸಿದ ಹಾಗೆ.

ಮೊದಲ ಪರೀಕ್ಷೆ ನೀರಲ್ಲ, ಪೆಟ್ರೋಲಲ್ಲೇ, ಬಯಲಲ್ಲಿ, ಬ್ಯಾಟರಿ ವೈರು ಕಳಚಿ. ಜಾಯಿಂಟಿನ ಕೆಳಗೆ ಒಣ ಪೇಪರು ಹಾಸಿದ್ವಿ. ಬಾಯಿಯಿಂದ ನಾಲ್ಕು ಬೆರಳು ಕೆಳಗೆ ನಿಲ್ಲಿಸಿದ್ವಿ. ಬಲಗಡೆ ಚಕ್ರಗಳನ್ನ ಗುಂಡಿಗೆ ಇಳಿಸಿ ಗಾಡಿ ವಾಲಿಸಿ ಬಿಟ್ವಿ. ಮೂರು ಗಂಟೆ ಬಿಸಿಲು. ಪೇಪರು ಒಣಗೇ ಇತ್ತು. ರಾತ್ರಿಯೆಲ್ಲ ಹಾಗೇ ಬಿಟ್ಟು ಬೆಳಿಗ್ಗೆ ನೋಡಿದ್ರೂ ಒಣಗೇ ಇತ್ತು. ಮೇಸ್ತ್ರಿ ಕೂಲಿ ಕಮ್ಮಿ ತಗೊಂಡ್ರು, ಯಾಕೆ ಅಂದ್ರೆ 'ಚಾಚಾ ನನ್ ಹುಡುಗನ್ ಕೈ ಉಳಿಸಿದ್ರಲ್ಲ ಸಾರ್' ಅಂದ್ರು. ಹುಡುಗನಿಗೆ ಒಂದು ಜೊತೆ ಚರ್ಮದ ಗ್ಲೌಸು ತಂದುಕೊಟ್ಟೆ. ಹಾಕ್ಕೊಳ್ತಾನೋ ಇಲ್ವೋ, ಆ ದಾರಿಯಲ್ಲಿ ಹೋದಾಗೆಲ್ಲ ಇಣುಕಿ ನೋಡ್ತೀನಿ. ಒಂದಿನ ಹಾಕ್ಕೊಂಡಿರ್ತಾನೆ, ಒಂದಿನ ಇಲ್ಲ.

ಈಗ ಎಂಟು ತಿಂಗಳಾಯ್ತು. ತಿಂಗಳಿಗೊಮ್ಮೆ ಸೀಟು ಎತ್ತಿ ಹೋಸಿನ ಮೇಲೆ ಬೆರಳು ಆಡಿಸಿ ಮೂಸ್ತೀನಿ. ಮಗಳು ಮುಂದಿನ ಸೀಟಲ್ಲಿ ಕೂರ್ತಾಳೆ, ವಾಂತಿ ಅನ್ನಲ್ಲ. ಚಿಕ್ಕಪ್ಪ ಜೀಪು ಹತ್ತೋ ಮುಂಚೆ ಕಡ್ಡಿಪೆಟ್ಟಿಗೆಯನ್ನ ಚಿಕ್ಕಮ್ಮನ ಕೈಗೆ ಕೊಟ್ಟು ಹತ್ತುತ್ತಾನೆ.

ಅಪ್ಪನದು ಒಂದೇ ತಕರಾರು. ಪೆಟ್ರೋಲ್ ಮೀಟರು ನಾವು ಗಾಡಿ ತಗೊಂಡ ದಿನದಿಂದಲೂ ಕೆಲಸ ಮಾಡಲ್ಲ. ಮೊದಲು ಒಂದು ಬಳುಕೋ ಬಿದಿರು ಸೀಳು ಇಟ್ಕೊಂಡಿದ್ದ, ಬಾಯೊಳಗೆ ಇಳಿಸಿ ಎಷ್ಟಿದೆ ಅಂತ ಹೇಳ್ತಿದ್ದ. ಕತ್ತು ಬಗ್ಗಿಸಿದ ಮೇಲೆ ಅದು ಅರ್ಧಕ್ಕೇ ನಿಲ್ಲುತ್ತೆ. 'ಸೋರದು ನಿಲ್ಸಿದ್ರಿ, ಅಳತೆನೂ ನಿಲ್ಸಿಬುಟ್ರಲ್ಲ' ಅಂತ ದಿನಾ ಗೊಣಗ್ತಾನೆ. ಹಳೇ ಸಿಜೆ-3ಬಿ ಪೆಟ್ರೋಲ್ ಮೀಟರಿನ ಫ್ಲೋಟ್ ಯಾರ ಹತ್ರವಾದ್ರೂ ಇದ್ರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ.